ಪಂಡಿತಾ ರಮಾಬಾಯಿ

ಪಂಡಿತಾ ರಮಾಬಾಯಿ (23 ಏಪ್ರಿಲ್ 1858 – 5 ಏಪ್ರಿಲ್ 1922) ಸಂಸ್ಕೃತ ವಿದುಷಿ, ಸಮಾಜ ಸುಧಾರಕಿ ಹಾಗೂ ಬೈಬಲಿನ ಮರಾಠಿ ಅನುವಾದಕಿ. 1883ರಲ್ಲಿ, ತಮ್ಮ 25ನೆಯ ವಯಸ್ಸಿನಲ್ಲಿ, ಅವರು ಸ್ವೀಕರಿಸಿದ ಕ್ರೈಸ್ತ ದೀಕ್ಷಾಸ್ನಾನವು ಅಂದಿನ ಪುಣೆಯ ವಿದ್ಯಾವಂತ ಸಮಾಜವನ್ನು ಕಲಕಿತು.

ಆರಂಭಿಕ ಜೀವನ

ರಮಾಬಾಯಿಯವರು ಜನಿಸಿದ್ದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ (ಇಂದಿನ ಚಿಕ್ಕಮಗಳೂರು ಜಿಲ್ಲೆ). ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರು ಸಂಪ್ರದಾಯಸ್ಥರ ವಿರೋಧವನ್ನು ಲೆಕ್ಕಿಸದೆ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದರು; ಮಗಳಿಗೆ ತಾಯಿಯೇ ಗುರುವಾದರು. ಪುರಾಣ ಪ್ರವಚನ ಮಾಡುತ್ತ ತೀರ್ಥಕ್ಷೇತ್ರಗಳಲ್ಲಿ ಸಂಚರಿಸುತ್ತಿದ್ದ ಕುಟುಂಬವು 1870ರ ದಶಕದ ಕ್ಷಾಮಕ್ಕೆ ಸಿಲುಕಿ ತಂದೆತಾಯಿ ತೀರಿಕೊಂಡರು. 1878ರಲ್ಲಿ ಅಣ್ಣನೊಡನೆ ಕಲ್ಕತ್ತೆಯನ್ನು ತಲುಪಿದ ರಮಾಬಾಯಿಯವರಿಗೆ ಅಲ್ಲಿನ ವಿದ್ವಾಂಸರು ‘ಪಂಡಿತಾ’ ಮತ್ತು ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅನ್ಯಜಾತಿಯ ವಕೀಲ ಬಿಪಿನ್ ಬಿಹಾರಿ ದಾಸರನ್ನು ವಿವಾಹವಾಗಿ, ಎರಡು ವರ್ಷ ತುಂಬುವ ಮೊದಲೇ ವಿಧವೆಯಾದರು. 1882ರಲ್ಲಿ ಶಿಶು ಮನೋರಮಾಳೊಡನೆ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು.

ದೀಕ್ಷಾಸ್ನಾನ

ವೈದ್ಯಕೀಯ ಶಿಕ್ಷಣದ ಆಸೆಯಿಂದ 1883ರಲ್ಲಿ ಇಂಗ್ಲೆಂಡಿಗೆ ತೆರಳಿದರಾದರೂ ಕಿವಿಯ ದೋಷ ಅದಕ್ಕೆ ಅಡ್ಡಿಯಾಯಿತು. ವಾಂಟೇಜ್‌ನ ಆಂಗ್ಲಿಕನ್ ಸನ್ಯಾಸಿನಿಯರ ಆಶ್ರಯದಲ್ಲಿದ್ದಾಗ, ಸಮಾಜ ಹೊರಗಿಟ್ಟ ಹೆಂಗಸರನ್ನು ಅವರು ಫುಲ್ಹಮ್‌ನಲ್ಲಿ ಸಲಹುತ್ತಿದ್ದ ರೀತಿಯನ್ನು ಕಂಡದ್ದು ರಮಾಬಾಯಿಯವರ ಮೇಲೆ ಗಾಢ ಪರಿಣಾಮ ಬೀರಿತು. ಯೋಹಾನನ ಸುವಾರ್ತೆಯ ಸಮಾರ್ಯದ ಹೆಂಗಸಿನ ಪ್ರಸಂಗವೂ ಅವರ ಮನಸ್ಸನ್ನು ತಿರುಗಿಸಿತು. ಇದೇ ಅವಧಿಯಲ್ಲಿ ಜೊತೆಗಾತಿ ಆನಂದಿಬಾಯಿ ಭಗತ್ ಆತ್ಮಹತ್ಯೆ ಮಾಡಿಕೊಂಡರು.

29 ಸೆಪ್ಟೆಂಬರ್ 1883ರಂದು ತಾಯಿ ಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು. ಆಂಗ್ಲಿಕನ್ ಸಭೆಯ 1662ರ ಪ್ರಾರ್ಥನಾ ಪುಸ್ತಕದಲ್ಲಿ ವಯಸ್ಕರಿಗೆ ಪ್ರತ್ಯೇಕ ಕ್ರಮವಿದೆ: ಶಿಶುವಿನ ಪರವಾಗಿ ಧರ್ಮಪಾಲಕರು ಪ್ರತಿಜ್ಞೆ ಮಾಡಿದರೆ, ವಯಸ್ಕರು ಸ್ವತಃ ಉತ್ತರಿಸಬೇಕು. ಹಾಗೆ ಉತ್ತರಿಸಿದ ರಮಾಬಾಯಿಯವರು ಅಷ್ಟಕ್ಕೇ ಪ್ರಶ್ನಿಸುವುದನ್ನು ನಿಲ್ಲಿಸಲಿಲ್ಲ. ತ್ರಯೇಕತ್ವದ ಬಗ್ಗೆ, ಸಭೆಯ ಅಧಿಕಾರದ ಬಗ್ಗೆ ತಮ್ಮ ಧರ್ಮಮಾತೆ ಸಿಸ್ಟರ್ ಜೆರಾಲ್ಡೀನರೊಡನೆ ಪತ್ರಗಳಲ್ಲಿ ದೀರ್ಘ ವಾದ ನಡೆಸಿದರು, ಸಸ್ಯಾಹಾರವನ್ನೂ ಬಿಡಲಿಲ್ಲ. ಸ್ವದೇಶದಲ್ಲಿ ಖಂಡನೆಗಳ ನಡುವೆ ಜ್ಯೋತಿಬಾ ಫುಲೆಯವರು ಅವರನ್ನು ಸಮರ್ಥಿಸಿದರು.

ದೀಕ್ಷಾಸ್ನಾನವಾದ ಸುಮಾರು ಎಂಟು ವರ್ಷಗಳ ಬಳಿಕವಷ್ಟೇ ತಮಗೆ ಕ್ರಿಸ್ತನ ಅನುಭವವಾಯಿತು, ಅಲ್ಲಿಯವರೆಗೆ ಸಿಕ್ಕಿದ್ದು ಕ್ರೈಸ್ತಧರ್ಮ ಮಾತ್ರ ಎಂದು ಅವರು 1907ರ ಆತ್ಮಕಥನದಲ್ಲಿ ವಿವರಿಸಿದ್ದಾರೆ.

ಶಾರದಾ ಸದನ ಮತ್ತು ಮುಕ್ತಿ

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ತೆರೆದ ಶಾರದಾ ಸದನ ಮರುವರ್ಷ ಪುಣೆಗೆ ಸ್ಥಳಾಂತರಗೊಂಡಿತು. ಧರ್ಮಬೋಧನೆ ಮಾಡುವುದಿಲ್ಲವೆಂಬುದು ಅದರ ನಿಯಮವಾಗಿತ್ತು. ಆದರೆ ರಮಾಬಾಯಿಯವರ ಖಾಸಗಿ ಪ್ರಾರ್ಥನೆಗೆ ಬಾಲಕಿಯರು ಬಂದು ಕೂರತೊಡಗಿದರು. ಅವರು ಬಾಗಿಲು ಮುಚ್ಚಲಿಲ್ಲ. ತಿಲಕರ ‘ಕೇಸರಿ’ ಇದನ್ನು ತೀವ್ರವಾಗಿ ಖಂಡಿಸಿತು. 1893ರಲ್ಲಿ ರಾನಡೆ ಮತ್ತು ಭಂಡಾರ್ಕರ್ ಸಲಹಾ ಸಮಿತಿಯಿಂದ ಹೊರಬಂದರು. ಮುಂದೆ ಕ್ಷಾಮಪೀಡಿತ ಮಹಿಳೆಯರಿಗಾಗಿ ಕೇಡಗಾಂವ್‌ನಲ್ಲಿ ಮುಕ್ತಿ ಸಂಸ್ಥೆ ಬೆಳೆಯಿತು.

ಕೊನೆಯ ವರ್ಷಗಳನ್ನು ಅವರು ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಸರಳ ಮರಾಠಿಗೆ ತರುವುದರಲ್ಲಿ ಕಳೆದರು. 1921ರಲ್ಲಿ ಮನೋರಮಾ, ಮರುವರ್ಷ ರಮಾಬಾಯಿ ನಿಧನರಾದರು. ಸಂಪೂರ್ಣ ಅನುವಾದ 1924ರಲ್ಲಿ ಪ್ರಕಟವಾಯಿತು.