ಮಹಾನಾವಿಕ ಟುಪಾಯ

ಪ್ರಶಾಂತ ಮಹಾಸಾಗರದಲ್ಲಿ ಉತ್ತರಕ್ಕೆ ಹವಾಯಿ, ನೈಋತ್ಯಕ್ಕೆ ನ್ಯೂಜಿಲೆಂಡ್, ಆಗ್ನೇಯಕ್ಕೆ ಈಸ್ಟರ್ ದ್ವೀಪ. ಈ ಮೂರು ಮೂಲೆಗಳ ನಡುವೆ ಹರಡಿರುವ ದ್ವೀಪಗಳಿಗೆ ಪಾಲಿನೇಷ್ಯ ಎಂದು ಹೆಸರು. ಅಲ್ಲಿ ನೆಲ ಅತ್ಯಲ್ಪ, ನೀರು ಅಪಾರ. ಒಂದು ದ್ವೀಪಸಮೂಹದಿಂದ ಮತ್ತೊಂದಕ್ಕೆ ನೂರಾರು, ಕೆಲವೆಡೆ ಸಾವಿರಾರು ಕಿಲೋಮೀಟರುಗಳ ಅಂತರ. ಆದರೂ ಯುರೋಪಿನ ಹಡಗುಗಳು ಅತ್ತ ಸುಳಿಯುವುದಕ್ಕೆ ಶತಮಾನಗಳ ಮೊದಲೇ ಆ ದ್ವೀಪಗಳಲ್ಲಿ ಜನವಸತಿ ನೆಲೆಗೊಂಡಿದ್ದಿತು. ಲೋಹದ ಆಯುಧವನ್ನಾಗಲಿ ದಿಕ್ಸೂಚಿಯನ್ನಾಗಲಿ ಅರಿಯದ ಜನರು ಅಷ್ಟು ದೂರ ಸಾಗಿದುದು ಹೇಗೆ? ಈ ಪ್ರಶ್ನೆಗೆ ತನ್ನ ಬಾಳಿನಿಂದಲೇ ಉತ್ತರವಿತ್ತವನು ಟುಪಾಯ.

ಟುಪಾಯನು ಸುಮಾರು 1725ರಲ್ಲಿ ರಾಯಾಟೀಯ ದ್ವೀಪದಲ್ಲಿ ಜನಿಸಿದನು. ಅಂದು ಅಲ್ಲಿನ ದ್ವೀಪಗಳನ್ನು ವಂಶಪಾರಂಪರ್ಯವಾಗಿ ಬಂದ ನಾಯಕರು ಆಳುತ್ತಿದ್ದರು. ರಾಯಾಟೀಯದ ಕಡಲತಡಿಯಲ್ಲಿದ್ದ ಟಪುಟಪುವಾಟೀಯ ಎಂಬ ಕಲ್ಲುಹಾಸಿನ ದೇವಸ್ಥಾನವು ಸುತ್ತಣ ದ್ವೀಪಗಳಿಗೆಲ್ಲ ಪುಣ್ಯಕ್ಷೇತ್ರವಾಗಿದ್ದಿತು. ಟುಪಾಯನು ಅಲ್ಲಿ ಪೌರೋಹಿತ್ಯವನ್ನೂ ನೌಕಾವಿದ್ಯೆಯನ್ನೂ ಕಲಿತನು. ನಕ್ಷತ್ರಗಳ ಉದಯಾಸ್ತ, ಅಲೆಗಳ ಗತಿ, ಗಾಳಿಯ ದಿಕ್ಕು, ಸಂಜೆ ನೆಲದ ಕಡೆಗೆ ಮರಳುವ ಹಕ್ಕಿಗಳ ಹಾದಿ, ಇವೇ ಅಲ್ಲಿನ ಪಾಠಗಳು. ಬರೆದ ಗ್ರಂಥವಿರಲಿಲ್ಲ; ಎಲ್ಲವನ್ನೂ ಗುರುಮುಖದಿಂದ ಕೇಳಿ ಕಂಠಸ್ಥ ಮಾಡಬೇಕಾಗಿದ್ದಿತು.

ಅವನ ಯೌವನದಲ್ಲಿ ನೆರೆಯ ಬೋರಾಬೋರಾ ದ್ವೀಪದ ಯೋಧರು ರಾಯಾಟೀಯವನ್ನು ಗೆದ್ದುಕೊಂಡರು. ಯುದ್ಧದಲ್ಲಿ ಗಾಯಗೊಂಡ ಟುಪಾಯನು ಮನೆ ಮಾರುಗಳನ್ನು ಕಳೆದುಕೊಂಡು ಟಹೀಟಿ ದ್ವೀಪವನ್ನು ಸೇರಿದನು. ಸಂಪತ್ತು ಹೋಯಿತು, ಆದರೆ ವಿದ್ಯೆ ಅವನೊಡನೆಯೇ ಉಳಿಯಿತು. ಅದರ ಬಲದಿಂದಲೇ ಅವನು ಟಹೀಟಿಯ ಪುರೇಯ ಎಂಬ ನಾಯಕಿಗೆ ಪುರೋಹಿತನೂ ಸಲಹೆಗಾರನೂ ಆದನು.

1769ರಲ್ಲಿ ಆಂಗ್ಲ ನಾವಿಕ ಜೇಮ್ಸ್ ಕುಕ್ಕನು ಸೂರ್ಯಬಿಂಬವನ್ನು ಶುಕ್ರಗ್ರಹವು ದಾಟುವುದನ್ನು ವೀಕ್ಷಿಸಲು ‘ಎಂಡೆವರ್’ ಹಡಗಿನಲ್ಲಿ ಟಹೀಟಿಗೆ ಬಂದನು. ಹಡಗಿನಲ್ಲಿದ್ದ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸನು ಟುಪಾಯನ ಜ್ಞಾನಕ್ಕೆ ಬೆರಗಾದನು. ಅವನ ಬೆಂಬಲದಿಂದ ಜುಲೈ 13ರಂದು ಟುಪಾಯನು ತನ್ನ ಸೇವಕ ಬಾಲಕ ಟಾಯಾಟನೊಡನೆ ಹಡಗನ್ನೇರಿ ಹೊರಟನು. ತಾಯ್ನೆಲವನ್ನು ಮರಳಿ ಪಡೆಯಲು ಆಂಗ್ಲರ ನೆರವು ದೊರೆತೀತೆಂಬ ಆಸೆಯೂ ಅವನಿಗಿದ್ದಿತು. ಆ ಆಸೆ ಕೈಗೂಡಲಿಲ್ಲ.

ಹಡಗು ದಕ್ಷಿಣಕ್ಕೆ ತಿರುಗಿದಾಗ ಟುಪಾಯನ ಸೂಚನೆಯಂತೆ ರುರುಟು ದ್ವೀಪವು ಕಾಣಿಸಿತು. ತಾನು ಬಲ್ಲ ದ್ವೀಪಗಳನ್ನು ಅವನು ಆಂಗ್ಲರಿಗೆ ಒಂದು ಭೂಪಟದಲ್ಲಿ ತೋರಿಸಿಕೊಟ್ಟನು. ಅದರಲ್ಲಿ 74 ದ್ವೀಪಗಳಿದ್ದವು. ಹಡಗು ಎಷ್ಟು ಸುತ್ತಿ ಬಳಸಿ ಸಾಗಿದರೂ ಟಹೀಟಿ ಯಾವ ದಿಕ್ಕಿನಲ್ಲಿದೆಯೆಂಬುದನ್ನು ಅವನು ಬೆರಳು ಮಾಡಿ ತೋರಿಸಬಲ್ಲವನಾಗಿದ್ದನು.

ಅಕ್ಟೋಬರಿನಲ್ಲಿ ಹಡಗು ನ್ಯೂಜಿಲೆಂಡನ್ನು ಮುಟ್ಟಿತು. ಅಲ್ಲಿನ ಮಾವೊರಿ ಜನರಿಗೂ ಆಂಗ್ಲರಿಗೂ ಮೊದಲ ದಿನವೇ ಘರ್ಷಣೆಯಾಗಿ ರಕ್ತ ಹರಿಯಿತು. ಮರುದಿನ ಟುಪಾಯನು ತನ್ನ ನುಡಿಯಲ್ಲಿ ಕೂಗಿ ಮಾತನಾಡಲು ಮಾವೊರಿಗಳಿಗೆ ಅದು ಅರ್ಥವಾಯಿತು! ಟಹೀಟಿಯಲ್ಲಿ ಮನೆಗೆ ‘ಫರೆ’ ಎಂದರೆ ಇಲ್ಲಿ ‘ವ್ಹರೆ’. ಅಲ್ಲಿ ದೋಣಿಗೆ ‘ವಅ’ ಎಂದರೆ ಇಲ್ಲಿ ‘ವಕ’. ಸಾವಿರಾರು ಕಿಲೋಮೀಟರು ಕಡಲು ನಡುವಿದ್ದರೂ ಎರಡೂ ಜನ ಒಂದೇ ಮೂಲದವರೆಂಬುದು ಸ್ಪಷ್ಟವಾಯಿತು. ಘರ್ಷಣೆಗಳು ಪೂರ್ಣವಾಗಿ ನಿಲ್ಲದಿದ್ದರೂ, ಅನೇಕ ಕಡೆ ಅವನ ಮಾತಿನಿಂದ ಸ್ನೇಹ ಬೆಳೆಯಿತು.

1770ರಲ್ಲಿ ಹಡಗು ದುರಸ್ತಿಗಾಗಿ ಬಟಾವಿಯಾದಲ್ಲಿ, ಎಂದರೆ ಇಂದಿನ ಜಕಾರ್ತದಲ್ಲಿ, ತಂಗಿತು. ಅಲ್ಲಿನ ರೋಗಗಳಿಗೆ ಅನೇಕರು ಬಲಿಯಾದರು. ಮೊದಲು ಬಾಲಕ ಟಾಯಾಟನು ತೀರಿಕೊಂಡನು. ಆ ದುಃಖದಲ್ಲಿ ಕುಗ್ಗಿದ ಟುಪಾಯನೂ ವರ್ಷಾಂತ್ಯದೊಳಗೆ ಕಣ್ಮುಚ್ಚಿದನು. ಅವನ ಕಂಠದಲ್ಲಿದ್ದ ವಿದ್ಯೆಯ ಬಹುಭಾಗ ಅವನೊಡನೆಯೇ ಮರೆಯಾಯಿತು. 1773ರಲ್ಲಿ ಕುಕ್ಕನು ಮತ್ತೆ ನ್ಯೂಜಿಲೆಂಡಿಗೆ ಹೋದಾಗ ಮಾವೊರಿಗಳು ಮೊದಲು ವಿಚಾರಿಸಿದುದು ಟುಪಾಯನನ್ನೇ. ಅವನ ಮರಣವಾರ್ತೆ ಕೇಳಿ ಅವರು ಶೋಕಿಸಿದರು.

ಕಾಲಾನಂತರದಲ್ಲಿ ಕೆಲವು ವಿದ್ವಾಂಸರು ಪಾಲಿನೇಷ್ಯದ ಜನರು ಗಾಳಿಗೆ ಸಿಲುಕಿ ಆಕಸ್ಮಿಕವಾಗಿ ದ್ವೀಪಗಳನ್ನು ಸೇರಿದರೆಂದು ವಾದಿಸಿದರು. ಆದರೆ 1970ರ ದಶಕದಲ್ಲಿ ರಾಯಾಟೀಯಕ್ಕೆ ಸಮೀಪದ ಹುವಾಹಿನೆ ದ್ವೀಪದ ಕೆಸರಿನಲ್ಲಿ ಪುರಾತತ್ತ್ವಜ್ಞರಿಗೆ ಪ್ರಾಚೀನ ದೊಡ್ಡ ದೋಣಿಯೊಂದರ ಹಲಗೆಗಳೂ ಚುಕ್ಕಾಣಿಯ ಹುಟ್ಟೂ ದೊರೆತವು. 1976ರಲ್ಲಿ ‘ಹೊಕುಲೆಅ’ ಎಂಬ ಜೋಡಿದೋಣಿಯು ಯಾವ ಉಪಕರಣವೂ ಇಲ್ಲದೆ, ನಕ್ಷತ್ರಗಳ ಆಧಾರದಿಂದಲೇ ಹವಾಯಿಯಿಂದ ಟಹೀಟಿಯನ್ನು ಮುಟ್ಟಿತು. ಟಹೀಟಿಗೆ ಈಶಾನ್ಯದ ಟುವಾಮೋಟು ದ್ವೀಪಗಳಲ್ಲಿ ದೊರೆತಿದ್ದ ಒಂದು ಕಲ್ಲಿನ ಬಾಚಿಯು, ಸುಮಾರು 4000 ಕಿಲೋಮೀಟರು ದೂರದ ಹವಾಯಿಯ ಶಿಲೆಯಿಂದ ಮಾಡಿದುದೆಂದು 2007ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಆಕಸ್ಮಿಕವಲ್ಲ, ಅರಿತು ಮಾಡಿದ ಯಾನವೇ ಆ ಜನರನ್ನು ದ್ವೀಪದಿಂದ ದ್ವೀಪಕ್ಕೆ ಒಯ್ದಿತೆಂಬುದು ಹೀಗೆ ದೃಢವಾಯಿತು.

2017ರಲ್ಲಿ ಟಪುಟಪುವಾಟೀಯವು ವಿಶ್ವ ಪರಂಪರೆಯ ತಾಣವೆಂಬ ಗೌರವಕ್ಕೆ ಪಾತ್ರವಾಯಿತು. ಆಂಗ್ಲರೊಡನೆ ಹೋದ ಯಾನದಿಂದ ಟುಪಾಯನು ತನ್ನ ತಾಯ್ನೆಲಕ್ಕೆ ಮರಳಲಿಲ್ಲ. ಆದರೆ ಅವನು ತೋರಿದ ದಿಕ್ಕು ಸರಿಯೆಂಬುದನ್ನು ಕಾಲವು ಸಾರಿತು.