ಚಿಕ್ಕಪ್ಪನ ಜಗಳದಿಂದ ಕಂಚಿಯವರೆಗೆ

ನಮ್ಮ ನಡುವೆ ಜಗಳ ಎಲ್ಲಿಂದ ಹುಟ್ಟುತ್ತದೆ ಎಂದು ಯಾಕೋಬನು ತನ್ನ ಪತ್ರಿಕೆಯಲ್ಲಿ ಕೇಳುತ್ತಾನೆ. ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿಯನ್ನೇ ನೋಡ್ರಿ. 1967ರ ಸಿನಿಮಾದಲ್ಲಿ ರಾಜ್‌ಕುಮಾರ್ ಹಾಕಿದ್ದು ಇವನ ವೇಷವೇ.

ಮೊದಲ ಜಗಳ ಮನೆಯೊಳಗೇ ಆಯ್ತು. ಚಿಕ್ಕಪ್ಪ ಮಂಗಳೇಶ ಪಟ್ಟ ತನ್ನ ಮಗನಿಗೇ ಬೇಕೆಂದ. ಚಿಕ್ಕಪ್ಪ ಸತ್ತ, ಇವನು ರಾಜನಾದ. ಆಮೇಲೆ ಉತ್ತರದ ಹರ್ಷನನ್ನೂ ಸೋಲಿಸಿದ. 634ರ ಐಹೊಳೆ ಶಾಸನದ ತುಂಬ ಇವನ ಹೊಗಳಿಕೆನೇ. ಅಷ್ಟು ಸಾಕಾಗಲಿಲ್ಲ ನೋಡ್ರಿ, ಕಂಚಿಯ ಪಲ್ಲವರ ಮೇಲೂ ಹೋಗಿ ಮಹೇಂದ್ರವರ್ಮನನ್ನು ಸೋಲಿಸಿದ. ಅವನ ಮಗ ನರಸಿಂಹವರ್ಮ ಅದನ್ನು ಮರೀಲಿಲ್ಲ. 642ರಲ್ಲಿ ಬಾದಾಮಿಗೇ ನುಗ್ಗಿದ. ಪುಲಕೇಶಿ ಆ ಯುದ್ಧದಲ್ಲೇ ಸತ್ತನೆಂದು ಇತಿಹಾಸಕಾರರು ಹೇಳುತ್ತಾರೆ.

ಸುಮಾರು ನೂರು ವರ್ಷಗಳ ಮೇಲೆ ಅವನ ವಂಶದ ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದ. ಊರು ಸುಡಲಿಲ್ಲ. ಕೈಲಾಸನಾಥ ಗುಡಿಯ ಸಂಪತ್ತನ್ನು ಗುಡಿಗೇ ಬಿಟ್ಟುಕೊಟ್ಟು, ಅದನ್ನು ಅಲ್ಲಿಯೇ ಕನ್ನಡದಲ್ಲಿ ಕಲ್ಲಿನ ಮೇಲೆ ಕೊರೆಸಿದ.