ಪರೀಕ್ಷೆಯಲ್ಲಿ ತಪ್ಪಿದ ವಿದ್ಯಾರ್ಥಿ: ಆರ್. ಕೆ. ನಾರಾಯಣರ ಚರಿತ್ರೆ

ಪರೀಕ್ಷೆಯ ಫಲಿತಾಂಶವು ಬರುವ ದಿನಗಳಲ್ಲಿ ಹುಲಿಕಲ್ ಘಟ್ಟದ ಸುತ್ತಲಿನ ನಮ್ಮ ಊರುಗಳಲ್ಲಿ ಕೆಲವು ಮನೆಗಳ ಬಾಗಲು ಹಗಲಿನಲ್ಲಿಯೂ ಮುಚ್ಚಿರುವದುಂಟು. ಮಗನು ಅನುತ್ತೀರ್ಣನಾದನೆಂಬ ನಾಚಿಕೆಯಿಂದ ತಂದೆಯು ಆದಿತ್ಯವಾರದ ಆರಾಧನೆಗೂ ಬರಲು ಹಿಂಜರಿಯುತ್ತಾನೆ. ಅಂಥವರ ನಿಮಿತ್ತವಾಗಿ ಈ ಚರಿತ್ರೆಯನ್ನು ಬರೆಯುತ್ತೇವೆ.

ನಮ್ಮ ಹೊಸನಗರ ತಾಲೂಕಿನ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡವು 2020ರಲ್ಲಿ ಮಾಲ್ಗುಡಿ ಎಂಬ ಹೆಸರಿನ ವಸ್ತುಸಂಗ್ರಹಾಲಯವಾಯಿತು. ಮಾಲ್ಗುಡಿಯು ಯಾವ ನಕ್ಷೆಯಲ್ಲಿಯೂ ಇಲ್ಲದ ಊರು. 1930ರಲ್ಲಿ ಒಬ್ಬ ಯುವಕನ ಮನಸ್ಸಿನಲ್ಲಿ ಹುಟ್ಟಿದ ಈ ಊರನ್ನು ಶಂಕರನಾಗ್ ಎಂಬವರು 1980ರ ದಶಕದಲ್ಲಿ ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ ಚಿತ್ರೀಕರಿಸಿ ದೂರದರ್ಶನದ ಮೂಲಕ ದೇಶಕ್ಕೆಲ್ಲಾ ತೋರಿಸಿದರು. ಆ ಯುವಕರೇ ಆರ್. ಕೆ. ನಾರಾಯಣರು.

ಅವರು 1906ನೆಯ ಇಸವಿ ಅಕ್ಟೋಬರ್ 10ರಂದು ಮದ್ರಾಸಿನಲ್ಲಿ ಹುಟ್ಟಿ, ಅಜ್ಜಿಯ ಬಳಿಯಲ್ಲಿ ಬೆಳೆದರು. ಮೊದಲು ಓದಿದ್ದು ಲೂಥರನ್ ಮಿಶನ್ ಶಾಲೆಯಲ್ಲಿ. ಅಲ್ಲಿ ವೇದಪಾಠದ ಹೊತ್ತಿನಲ್ಲಿ ತಮ್ಮ ಮನೆಯವರ ದೇವರುಗಳನ್ನು ಹಾಸ್ಯಮಾಡುವದನ್ನು ಕೇಳಿ ಬಾಲಕರು ಬಹಳವಾಗಿ ನೊಂದರು. ಈ ಮಾತನ್ನು ನಾವು ಮರೆಮಾಡಲಾಗದು. ಮಗುವಿನ ಮನಸ್ಸನ್ನು ಗಾಯಪಡಿಸುವ ಬೋಧನೆಯು ಕರ್ತನ ಸೇವೆಯಲ್ಲ. ಮಕ್ಕಳನ್ನು ಹತ್ತಿರಕ್ಕೆ ಕರೆದಾತನ ಸೇವಕರು ಅವರನ್ನು ದೂರ ತಳ್ಳಬಾರದು.

ತಂದೆಯಾದ ಕೃಷ್ಣಸ್ವಾಮಿ ಅಯ್ಯರವರು ಮೈಸೂರಿನ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದರು. ಮಗನೂ ಅಲ್ಲಿಗೆ ಬಂದು ಓದಿದನು. ಆದರೆ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಆ ಮುಖ್ಯೋಪಾಧ್ಯಾಯರ ಮಗನೇ ತಪ್ಪಿದನು! ಆ ಮನೆಗೆ ಇದು ಎಂಥ ತಲೆತಗ್ಗಿಸುವ ಸಂಗತಿಯಾಗಿದ್ದಿರಬಹುದೆಂದು ವಾಚಕರೇ ಊಹಿಸಿರಿ.

ಆದರೂ ನಾರಾಯಣರು ಆ ಒಂದು ವರುಷವನ್ನು ವ್ಯರ್ಥಮಾಡಲಿಲ್ಲ. ತಂದೆಯ ಶಾಲೆಯ ಪುಸ್ತಕಭಂಡಾರದಿಂದ ಡಿಕನ್ಸ್, ಹಾರ್ಡಿ ಮೊದಲಾದವರ ಗ್ರಂಥಗಳನ್ನು ತಂದು ಓದಿದರು, ಕುಕ್ಕರಹಳ್ಳಿ ಕೆರೆಯ ಕಡೆಗೆ ನಡೆದುಹೋಗುತ್ತಾ ಓದಿದ್ದನ್ನು ಮೆಲುಕುಹಾಕಿದರು, ತಾವೂ ಬರೆಯಲಾರಂಭಿಸಿದರು. 1926ರಲ್ಲಿ ಅದೇ ಪರೀಕ್ಷೆಯಲ್ಲಿ ತೇರ್ಗಡೆಹೊಂದಿ ಮಹಾರಾಜಾ ಕಾಲೇಜಿಗೆ ಸೇರಿದರು. ಅಲ್ಲಿಯೂ ಇತರರು ಮೂರು ವರುಷಗಳಲ್ಲಿ ಮುಗಿಸುವ ಬಿ. ಎ. ಪದವಿಗೆ ಅವರಿಗೆ ನಾಲ್ಕು ವರುಷಗಳು ಬೇಕಾದವು.

ಮುಂದೆಯೂ ದಾರಿಯು ಸುಗಮವಾಗಿರಲಿಲ್ಲ. ಅವರ ಮೊದಲನೆಯ ಕಾದಂಬರಿಯನ್ನು ಪ್ರಕಾಶಕರು ಒಬ್ಬರಾದ ಮೇಲೊಬ್ಬರು ತಿರಸ್ಕರಿಸಿದರು. ಮನಸ್ಸು ಕುಗ್ಗಿ, ಹಸ್ತಪ್ರತಿಗೆ ಕಲ್ಲುಕಟ್ಟಿ ಥೇಮ್ಸ್ ನದಿಯಲ್ಲಿ ಮುಳುಗಿಸಿಬಿಡೆಂದು ಇಂಗ್ಲೆಂಡಿನಲ್ಲಿದ್ದ ಸ್ನೇಹಿತನಿಗೆ ಬರೆದರು. ಸ್ನೇಹಿತನು ಹಾಗೆ ಮಾಡದೆ ಅದನ್ನು ಗ್ರಹಾಂ ಗ್ರೀನ್ ಎಂಬ ಲೇಖಕರಿಗೆ ಕೊಟ್ಟನು. ಅವರ ಸಹಾಯದಿಂದ 1935ರಲ್ಲಿ ಪುಸ್ತಕವು ಲಂಡನ್ನಿನಲ್ಲಿ ಪ್ರಕಟವಾಯಿತು. 1939ರಲ್ಲಿ ಪತ್ನಿ ರಾಜಂ ಅವರು ವಿಷಮಜ್ವರದಿಂದ ತೀರಿಕೊಂಡಾಗ ಲೇಖನಿಯೇ ನಿಂತುಹೋಯಿತು. ಬಹುಕಾಲದ ದುಃಖದ ತರುವಾಯ ಮತ್ತೆ ಬರೆದರು.

ಯಾವ ವಿಶ್ವವಿದ್ಯಾನಿಲಯದ ಬಾಗಲು ಒಮ್ಮೆ ಅವರಿಗೆ ಮುಚ್ಚಿತ್ತೋ ಆ ಮೈಸೂರು ವಿಶ್ವವಿದ್ಯಾನಿಲಯವೇ 1976ರಲ್ಲಿ ಅವರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತಿತು. 1986ರಲ್ಲಿ ರಾಜ್ಯಸಭೆಗೆ ನೇಮಿಸಲ್ಪಟ್ಟಾಗ ಅವರು ಅಲ್ಲಿ ಎತ್ತಿದ ಮೊದಲನೆಯ ವಿಷಯವು ಶಾಲಾಮಕ್ಕಳ ಬೆನ್ನಿನ ಮೇಲಿನ ಪುಸ್ತಕದ ಹೊರೆ. ಪರೀಕ್ಷೆಯ ನೋವನ್ನು ತಾನೇ ಉಂಡವರು ಮಕ್ಕಳನ್ನು ಮರೆಯಲಿಲ್ಲ. 2001ನೆಯ ಇಸವಿ ಮೇ 13ರಂದು ತಮ್ಮ 94ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇವರು ನಮ್ಮ ಸಭೆಯವರಲ್ಲ. ಆದರೂ ಇವರ ಜೀವಿತದಿಂದ ನಾವು ಕಲಿಯತಕ್ಕದ್ದುಂಟು. ಮೂರು ಸಾರಿ ತಪ್ಪಿದ ಪೇತ್ರನಿಗೆ ಕರ್ತನು ತನ್ನ ಕುರಿಗಳನ್ನೇ ಒಪ್ಪಿಸಲಿಲ್ಲವೇ? ತಂದೆತಾಯಿಗಳೇ, ತಪ್ಪಿದ ಮಗುವಿಗೆ ಊಟಕ್ಕೆ ಕರೆಯುವ ಮೊದಲು ಬೈಗಳನ್ನು ಬಡಿಸಬೇಡಿರಿ. ಒಂದು ವರುಷವನ್ನೂ ಕೆಲವು ಪುಸ್ತಕಗಳನ್ನೂ ಕೊಡಿರಿ. ಯೌವನಸ್ಥರೇ, ಆ ವರುಷವನ್ನು ಹಾಳುಮಾಡದೆ ಓದಿರಿ. ಸಭೆಯವರೇ, ಮುಚ್ಚಿದ ಬಾಗಲಿರುವ ಮನೆಗೆ ಈ ವಾರವೇ ಹೋಗಿ ತಟ್ಟಿರಿ.